ಬಸ್ ಚಾಲಕನ ಹೃದಯ ಮತ್ತು ನಮೂನೆ 1-ಎ

ವಾಣಿಜ್ಯ ವಾಹನ ಓಡಿಸುವವರು ಲೈಸೆನ್ಸ್ ನವೀಕರಿಸುವಾಗ ವೈದ್ಯರಿಂದ ತುಂಬಿಸಿ ತರಬೇಕಾದ ಪ್ರಮಾಣಪತ್ರದ ಹೆಸರು ನಮೂನೆ 1-ಎ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದರ ಮಾದರಿ ಇದೆ. ಅರ್ಜಿದಾರನ ದೃಷ್ಟಿಯಲ್ಲಿ ದೋಷವಿದೆಯೇ, ಬಣ್ಣಗಳನ್ನು ಗುರುತಿಸುತ್ತಾನೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಅವನಿಗೆ ಕಾಣುತ್ತದೆಯೇ, ಹಾರ್ನ್ ಕೇಳಿಸುವಷ್ಟು ಕಿವಿ ಚುರುಕಾಗಿದೆಯೇ, ಇರುಳುಗುರುಡು ಇದೆಯೇ, ಕೈಕಾಲುಗಳು ಮತ್ತು ಕೀಲುಗಳು ಸರಿಯಿವೆಯೇ ಎಂದು ಅದು ವೈದ್ಯರನ್ನು ಕೇಳುತ್ತದೆ. ಹೃದಯದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಹೃದಯಕ್ಕೆ ಸ್ವಲ್ಪ ಹತ್ತಿರ ಬರುವ ಪ್ರಶ್ನೆ ಇರುವುದು ಚಾಲಕನೇ ತುಂಬಿ ಸಹಿ ಹಾಕುವ ನಮೂನೆ 1ರಲ್ಲಿ. ನಿಮಗೆ ಮೂರ್ಛೆರೋಗವಾಗಲಿ, ಯಾವುದೇ ಕಾರಣದಿಂದ ಹಠಾತ್ತನೆ ಪ್ರಜ್ಞೆ ತಪ್ಪುವುದಾಗಲಿ, ತಲೆಸುತ್ತು ಬರುವುದಾಗಲಿ ಇದೆಯೇ ಎಂದು ಅಲ್ಲಿ ಕೇಳಿದ್ದಾರೆ. ಸಾರ್ವಜನಿಕರಿಗೆ ಅಪಾಯ ತರಬಹುದಾದ ಬೇರೆ ಕಾಯಿಲೆ ಇದ್ದರೆ ವಿವರ ಕೊಡಿ ಎಂದೂ ಇದೆ. ಎಂದರೆ ಹೃದಯದ ಲಯ ತಪ್ಪುವ ಕಾಯಿಲೆಯ ಮಟ್ಟಿಗೆ ನಮ್ಮ ವ್ಯವಸ್ಥೆ ನಂಬಿ ಕೂತಿರುವುದು ಚಾಲಕನ ಸ್ವಂತ ಮಾತನ್ನು. ಆ ಮಾತನ್ನು ಹೇಳುವುದಕ್ಕೆ ಏನೇನು ಬೇಕಾಗುತ್ತದೆ ಎನ್ನುವುದು ನನಗೆ ಅರ್ಥವಾದದ್ದು ನಾನೇ ಆ ದಾರಿಯಲ್ಲಿ ನಡೆಯಬೇಕಾಗಿ ಬಂದಾಗ.

ನಾನು ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಖಾಸಗಿ ಮಿನಿ ಬಸ್ಸಿನ ಚಾಲಕ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ಬಸ್ಸುಗಳು ತಿರುಗಲಾರವಾದ್ದರಿಂದ ಈ ಮಾರ್ಗದಲ್ಲಿ ಮಿನಿ ಬಸ್ಸುಗಳದ್ದೇ ಓಡಾಟ. ಮಳೆಗಾಲದಲ್ಲಿ ಮಂಜು ಕವಿದಾಗ ಮುಂದಿನ ತಿರುವಿನ ತಡೆಗೋಡೆಯೂ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ಸುತ್ತಿ, ಗೇರು ಇಳಿಸಿ, ಎದುರಿನಿಂದ ಬರುವ ವಾಹನಕ್ಕೆ ಜಾಗ ಬಿಟ್ಟು ಹತ್ತಿಸುವ ಆ ಕೆಲವು ಕ್ಷಣಗಳಲ್ಲಿ ಚಾಲಕನ ಕಣ್ಣು ಕತ್ತಲೆಗಟ್ಟಿದರೆ ಏನಾಗುತ್ತದೆ ಎಂದು ಆ ದಾರಿಯಲ್ಲಿ ಒಮ್ಮೆ ಓಡಾಡಿದ ಪ್ರಯಾಣಿಕರಿಗೂ ಹೇಳಬೇಕಾಗಿಲ್ಲ.

ನನಗೆ ನಲವತ್ತು ದಾಟಿದ ಮೇಲೆ ಎದೆಬಡಿತ ಆಗಾಗ ಓಡತೊಡಗಿತು. ಹೆದರಿದಾಗ ಅಥವಾ ಮೆಟ್ಟಿಲು ಹತ್ತಿದಾಗ ಬಡಿತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಇದು ಹಾಗಿರಲಿಲ್ಲ. ಸುಮ್ಮನೆ ಕುಳಿತಿರುವಾಗ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಒಂದೇ ಬಡಿತದಲ್ಲಿ ಶುರುವಾಗಿ ಎಣಿಸಲಾಗದಷ್ಟು ವೇಗಕ್ಕೆ ಹೋಗುತ್ತಿತ್ತು. ಕುತ್ತಿಗೆಯ ನರಗಳು ಅಂಗಿಯ ಕಾಲರನ್ನು ತಟ್ಟುತ್ತಿರುವುದು ಗೊತ್ತಾಗುತ್ತಿತ್ತು. ಕೆಲವು ನಿಮಿಷಗಳ ನಂತರ ಶುರುವಾದಷ್ಟೇ ಹಠಾತ್ತಾಗಿ ನಿಲ್ಲುತ್ತಿತ್ತು. ಹೀಗೆ ಥಟ್ಟನೆ ಬಂದು ಥಟ್ಟನೆ ಹೋಗುವುದೇ ರೋಗ ಗುರುತಿಸುವ ಮುಖ್ಯ ಸುಳಿವು ಎಂದು ಆಮೇಲೆ ತಜ್ಞರು ಹೇಳಿದರು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಊಟವಿಲ್ಲದ, ಚಹಾ ಕುಡಿದೇ ದಿನ ತಳ್ಳುವ ಚಾಲಕನಿಗೆ ಎದೆಯಲ್ಲಿ ಏನೇ ಆದರೂ ಗ್ಯಾಸ್ಟ್ರಿಕ್ ಎಂದುಬಿಡುವುದು ಬಹಳ ಸುಲಭ.

ಒಂದು ಸಂಜೆ ಉಡುಪಿಯಿಂದ ವಾಪಸು ಬರುವಾಗ, ಸೋಮೇಶ್ವರ ದಾಟಿ ಘಾಟಿ ಹತ್ತಿ ಮುಗಿಯುತ್ತಿದ್ದಂತೆ ಬಡಿತ ಓಡತೊಡಗಿತು. ಈ ಸಲ ಅದರ ಜೊತೆಗೆ ಕಿವಿ ಗುಂಯ್‌ಗುಟ್ಟಿ, ಕಣ್ಣಿನ ಅಂಚಿನಿಂದ ಒಳಕ್ಕೆ ಕಪ್ಪು ಕವಿಯಲು ಶುರುವಾಯಿತು. ಸೂರ್ಯಾಸ್ತ ನೋಡಲು ಜನ ನಿಲ್ಲುವ ಕಟ್ಟೆಯ ಹತ್ತಿರ ಬಸ್ಸನ್ನು ಬದಿಗೆ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿದೆ. ಕಂಡಕ್ಟರ್ ಹುಡುಗ ಓಡಿ ಬಂದು "ಏನಾಯ್ತು ಅಣ್ಣ, ಮುಖ ಎಲ್ಲ ಬಿಳಿಚಿಕೊಂಡಿದೆಯಲ್ಲ" ಎಂದು ಕೇಳಿದಾಗ, ನಾನು ಇನ್ನು ಓಡಿಸುವುದಿಲ್ಲ, ಹಿಂದಿನ ಬಸ್ಸಿಗೆ ಜನರನ್ನು ಹತ್ತಿಸು ಎಂದೆ. ಕೆಲವರು ಗೊಣಗಿದರು, ಒಬ್ಬ ಅಜ್ಜಿ ಮಾತ್ರ ಕೆಳಗಿಳಿಯದೆ ನನ್ನ ಪಕ್ಕ ಕುಳಿತು ಬೀಸಣಿಗೆಯಂತೆ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಬೇರೊಬ್ಬ ಚಾಲಕರು ಬಂದು ಬಸ್ಸನ್ನು ತೀರ್ಥಹಳ್ಳಿಗೆ ತಂದರು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಡಿತ ಸರಿಹೋಗಿತ್ತು. ಇಸಿಜಿ ನಾರ್ಮಲ್.

ಈ ರೋಗದ ದೊಡ್ಡ ತೊಡಕು ಇಲ್ಲಿಯೇ ಇದೆ. ರಕ್ತದೊತ್ತಡ, ಸಕ್ಕರೆ ಮೊದಲಾದವು ಪರೀಕ್ಷೆಯ ಮೇಜಿನ ಮೇಲೂ ನಮ್ಮ ಜೊತೆಗೇ ಇರುತ್ತವೆ. ಲಯದ ತೊಂದರೆ ಬಂದು ಹೋಗುವಂಥದ್ದು. ಅದು ಇಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ, ಎಕೋ ಎಂಬ ಹೃದಯದ ಸ್ಕ್ಯಾನ್, ಎಲ್ಲವೂ ಆರೋಗ್ಯವಂತರದ್ದರಂತೆಯೇ ಇರಬಹುದು. ನನಗೆ ಹೋಲ್ಟರ್ ಎಂಬ ಪುಟ್ಟ ಯಂತ್ರವನ್ನು ಸೊಂಟಕ್ಕೆ ಕಟ್ಟಿ, ಎದೆಗೆ ಅಂಟುಪಟ್ಟಿ ಹಚ್ಚಿ 24 ಗಂಟೆಗಳ ಬಡಿತವನ್ನು ದಾಖಲಿಸಿದರು. ಆ ಹಗಲೂ ಆ ರಾತ್ರಿಯೂ ನನ್ನ ಹೃದಯ ಒಂದು ಬಡಿತವನ್ನೂ ತಪ್ಪಲಿಲ್ಲ. ಆಗ ಮಣಿಪಾಲದಲ್ಲಿ ನನ್ನನ್ನು ನೋಡಿದ ಹೃದ್ರೋಗ ತಜ್ಞರು ಕೊಟ್ಟ ಸಲಹೆ ಇಡೀ ಪ್ರಕರಣದ ಕೀಲಿಕೈಯಾಯಿತು: "ಇನ್ನೊಮ್ಮೆ ಬಂದಾಗ ಇಲ್ಲಿಗೇ ಬರಬೇಕೆಂದು ಕಾಯಬೇಡಿ. ಎಲ್ಲಿದ್ದೀರೋ ಅಲ್ಲಿ, ಅತ್ಯಂತ ಹತ್ತಿರದ ಆಸ್ಪತ್ರೆಗೆ ಹೋಗಿ, ಬಡಿತ ಓಡುತ್ತಿರುವಾಗಲೇ ಒಂದು ಇಸಿಜಿ ತೆಗೆಸಿಕೊಳ್ಳಿ. ಅಲ್ಲಿಯವರೆಗೆ ಬಸ್ಸು ಮುಟ್ಟಬೇಡಿ."

ಆ ಅವಕಾಶ ಸಿಕ್ಕಿದ್ದು ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ, ನಾನು ಬೇರೆ ಕೆಲಸದಲ್ಲಿ ನಿಂತಿದ್ದಾಗ. ಹೃದಯಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆಯ ತೊಂದರೆ ಎಂದು ಹೋದವರಿಗೆ ಕೂಡಲೇ ಇಸಿಜಿ ತೆಗೆಯುತ್ತಾರೆ; ಅದು ನನಗೆ ಒದಗಿತು. ಯಂತ್ರದಿಂದ ಹೊರಬಂದ ಗುಲಾಬಿ ಗೆರೆಗಳ ಕಾಗದದಲ್ಲಿ ಬಡಿತಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿದ್ದವು. ನಿಮಿಷಕ್ಕೆ 190ರ ಆಸುಪಾಸು. ಸಾಮಾನ್ಯವಾಗಿ ಇರಬೇಕಾದದ್ದು 60ರಿಂದ 100. ಡ್ಯೂಟಿ ಡಾಕ್ಟರು ಕಾಗದವನ್ನು ಭದ್ರವಾಗಿ ಎತ್ತಿಟ್ಟ ಮೇಲೆ, ನನ್ನ ಕೈಗೆ ಸೂಜಿಯಿಲ್ಲದ 10 ಎಂ.ಎಲ್. ಸಿರಿಂಜು ಕೊಟ್ಟು, ಅದರ ಬಾಯಿಗೆ ತುಟಿಯಿಟ್ಟು ಒಳಗಿನ ದಂಡ ಅಲುಗುವ ಹಾಗೆ 15 ಸೆಕೆಂಡು ಊದಬೇಕೆಂದರು. ಊದಿದ ಮರುಕ್ಷಣವೇ ನನ್ನನ್ನು ಅಂಗಾತ ಮಲಗಿಸಿ, ನರ್ಸ್ ಒಬ್ಬರು ಎರಡೂ ಕಾಲುಗಳನ್ನು ಮೇಲೆತ್ತಿ ಹಿಡಿದರು. ಎದೆಯಲ್ಲಿ ಏನೋ ಮಗುಚಿದಂತಾಗಿ ಬಡಿತ ನಿಂತು, ಮತ್ತೆ ತನ್ನ ಹಳೆಯ ನಡಿಗೆಯಲ್ಲಿ ಶುರುವಾಯಿತು. ಹಾಗೆ ಊದಿದಾಗ ಹೃದಯದ ವೇಗವನ್ನು ತಗ್ಗಿಸುವ ವೇಗಸ್ ನರ ಚುರುಕಾಗುತ್ತದೆಯಂತೆ. ಇದರಿಂದ ನಿಲ್ಲದಿದ್ದರೆ ಅಡಿನೋಸಿನ್ ಎಂಬ ಚುಚ್ಚುಮದ್ದು ಕೊಡುತ್ತಾರೆ.

ಆ ಒಂದು ಕಾಗದದಿಂದ ರೋಗ ಯಾವುದೆಂದು ಗೊತ್ತಾಯಿತು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಎವಿ ನೋಡ್ ಎಂಬ ಒಂದೇ ದ್ವಾರದ ಮೂಲಕ ಇಳಿಯಬೇಕು. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ಎರಡು ದಾರಿಗಳಿರುತ್ತವೆ, ಒಂದು ವೇಗದ್ದು, ಇನ್ನೊಂದು ನಿಧಾನದ್ದು. ಯಾವಾಗಲೋ ಒಂದು ಅಕಾಲದ ಬಡಿತ ಬಂದಾಗ ಸಂಕೇತವು ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹಿಂದಕ್ಕೆ ಹತ್ತಿ, ಎರಡು ರಸ್ತೆಗಳ ನಡುವಿನ ವೃತ್ತದಲ್ಲಿ ಹೊರದಾರಿ ಕಾಣದೆ ಸುತ್ತುವ ವಾಹನದಂತೆ ಅಲ್ಲೇ ಸುತ್ತತೊಡಗುತ್ತದೆ. ಒಂದೊಂದು ಸುತ್ತಿಗೂ ಹೃದಯ ಒಂದೊಂದು ಸಲ ಬಡಿಯುತ್ತದೆ. ಇದು ಹೃದಯಾಘಾತವಲ್ಲ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡು ಸ್ನಾಯು ಸಾಯುತ್ತದೆ. ನನ್ನಲ್ಲಿ ನಾಳಗಳೂ ಸ್ನಾಯುವೂ ಗಟ್ಟಿಯಾಗಿದ್ದವು, ಎಕೋದಲ್ಲಿ ಪಂಪಿನ ಶಕ್ತಿ ಶೇಕಡಾ 60, ಅಂದರೆ ಸಾಮಾನ್ಯ ಮಟ್ಟದಲ್ಲೇ, ಇತ್ತು. ಜೀವಕ್ಕೆ ಸಾಮಾನ್ಯವಾಗಿ ಅಪಾಯ ತರದ ಕಾಯಿಲೆ ಎಂದು ವೈದ್ಯರು ಧೈರ್ಯ ಹೇಳಿದರು. ಆದರೆ ಮನೆಯಲ್ಲಿ ಕುಳಿತವನಿಗೆ ಅಪಾಯವಲ್ಲದ್ದು ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದವನಿಗೆ ಅಪಾಯವೇ, ಏಕೆಂದರೆ ನನಗೆ ಒಮ್ಮೆ ಕಣ್ಣು ಕತ್ತಲಿಟ್ಟಾಗಿತ್ತು.

ದಿನವೂ ಮಾತ್ರೆ ನುಂಗಿ ಬಡಿತವನ್ನು ತಡೆಯಲು ಪ್ರಯತ್ನಿಸಬಹುದು, ಅಥವಾ ಆ ನಿಧಾನ ದಾರಿಯನ್ನೇ ರೇಡಿಯೋ ತರಂಗದ ಶಾಖದಿಂದ ಸುಟ್ಟು ಮುಚ್ಚಿಬಿಡಬಹುದು. ಮಾತ್ರೆಯಿಂದ ಬಾರದೇ ಇರುತ್ತದೆ ಎಂಬ ಖಾತರಿಯಿಲ್ಲ, ಕೆಲವರಿಗೆ ಅದರಿಂದಲೇ ಆಯಾಸ, ತಲೆಸುತ್ತು. ಸುಡುವ ಚಿಕಿತ್ಸೆ ಶೇಕಡಾ 95ಕ್ಕೂ ಹೆಚ್ಚು ಜನರಲ್ಲಿ ರೋಗವನ್ನು ಬುಡಸಮೇತ ತೆಗೆಯುತ್ತದೆ. ಆದರೆ ಪಕ್ಕದಲ್ಲೇ ಇರುವ ಮುಖ್ಯ ದಾರಿಗೆ ಪೆಟ್ಟಾಗಿ ಶಾಶ್ವತ ಪೇಸ್‌ಮೇಕರ್ ಬೇಕಾಗುವ ಸಂಭವ ನೂರಕ್ಕೆ ಸುಮಾರು ಒಂದರಷ್ಟಿದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಹಾಗೊಂದು ವೇಳೆ ಪೇಸ್‌ಮೇಕರ್ ಹಾಕಬೇಕಾದರೆ ಬಸ್ ಓಡಿಸಬಹುದೇ ಎಂದು ನಾನು ಕೇಳಿದೆ. ನಮ್ಮ ಕಾನೂನಿನಲ್ಲಿ ಇಷ್ಟು ವಾರ ಎಂಬ ಲೆಕ್ಕ ಇಲ್ಲದ ಕಾರಣ ಅವರು ಬ್ರಿಟನ್ನಿನ ಲೈಸೆನ್ಸ್ ಇಲಾಖೆ ವೈದ್ಯರಿಗಾಗಿ ಪ್ರಕಟಿಸಿರುವ ನಿಯಮಗಳನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಅಲ್ಲಿ ಕಾರು ಓಡಿಸುವವರಿಗೆ ಒಂದು ಅಳತೆ, ಬಸ್ಸು ಲಾರಿ ಓಡಿಸುವವರಿಗೆ ಇನ್ನೊಂದು. ಪೇಸ್‌ಮೇಕರ್ ಹಾಕಿಸಿಕೊಂಡ ಕಾರಿನ ಚಾಲಕ ಒಂದು ವಾರಕ್ಕೆ ಮರಳಬಹುದು, ಬಸ್ಸಿನವನು ಆರು ವಾರ ಕಾಯಬೇಕು. ಬಸ್ಸಿನವನಿಗೆ ಲಯ ತಪ್ಪಿ ಪ್ರಜ್ಞೆಗೆ ತೊಂದರೆಯಾಗುವಂತಿದ್ದರೆ, ಅದು ಹತೋಟಿಗೆ ಬಂದು ಮೂರು ತಿಂಗಳಾದರೂ ಆಗಿರಬೇಕು, ಹೃದಯದ ಪಂಪಿನ ಶಕ್ತಿ ಶೇಕಡಾ 40ಕ್ಕಿಂತ ಕಡಿಮೆ ಇರಕೂಡದು. ಎದೆಯೊಳಗೆ ಐಸಿಡಿ, ಅಂದರೆ ಪ್ರಾಣಾಂತಿಕ ಲಯ ಬಂದಾಗ ತಾನೇ ವಿದ್ಯುತ್ ಶಾಕ್ ಕೊಡುವ ಸಾಧನ, ಅಳವಡಿಸಿದ್ದರೆ ಬಸ್ಸು ಲಾರಿಯ ಲೈಸೆನ್ಸ್ ಶಾಶ್ವತವಾಗಿ ಇಲ್ಲ. ಶಾಕ್ ಜೀವ ಉಳಿಸುತ್ತದೆ, ಆದರೆ ಆ ಕ್ಷಣದಲ್ಲಿ ಚಾಲಕನ ಕೈಯಲ್ಲಿ ವಾಹನ ಇರುವುದಿಲ್ಲ. ಓದುತ್ತಾ ಹೋದಂತೆ ನನಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವಾಯಿತು. ಕಾಯಿಲೆಗೆ ತಕ್ಕ ಹಾಗೆ ಇಷ್ಟು ದಿನ ಕಾಯಿ, ಆಮೇಲೆ ಬಾ ಎಂದು ಹೇಳುವ ನಿಯಮ ಚಾಲಕನಿಗೆ ಶತ್ರುವಲ್ಲ. ಎಷ್ಟು ಕಾಯಬೇಕೆಂದೇ ಗೊತ್ತಿಲ್ಲದಿರುವಾಗ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ.

ಬಾಯಿ ಮುಚ್ಚಿಕೊಳ್ಳಲು ಇನ್ನೊಂದು ಕಾರಣ ದುಡ್ಡು. ಚಿಕಿತ್ಸೆಗೆ ದಾರಿ ಇತ್ತು: ನಮ್ಮದು ಬಿಪಿಎಲ್ ಕಾರ್ಡಾದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದೊಂದಿಗೆ ಕೆಲಸ ನಡೆಯಿತು. ಕೆಲಸವಿಲ್ಲದ ತಿಂಗಳುಗಳ ಊಟಕ್ಕೆ ಯಾವ ಯೋಜನೆಯೂ ಇರಲಿಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70 ಸಿಗುತ್ತದೆ. ಒಂದೆರಡು ಬಸ್ಸಿನ ಮಾಲೀಕರ ಹತ್ತಿರ ದುಡಿಯುವ ನಮ್ಮಂಥವರು, ಹತ್ತು ಜನ ನೌಕರರೂ ಇಲ್ಲದ ಕಡೆ, ಅದರೊಳಗೆ ಬರುವುದಿಲ್ಲ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ರಾಜ್ಯದ ಅಪಘಾತ ಪರಿಹಾರ ಯೋಜನೆ ಇದೆ, ಅದು ಅಪಘಾತವಾದ ಮೇಲಿನ ಮಾತು. ಅಪಘಾತ ಆಗಬಾರದೆಂದು ತಾನಾಗಿ ಸ್ಟೇರಿಂಗ್ ಬಿಟ್ಟು ಕೆಳಗಿಳಿದವನ ಮನೆಗೆ ಯಾರು ಅಕ್ಕಿ ಹಾಕುತ್ತಾರೆ ಎಂದು ಹೆಂಡತಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಮಾಲೀಕರು. "ಬಸ್ಸು ಬೇರೆಯವರು ಓಡಿಸುತ್ತಾರೆ ಮಾರಾಯ, ನೀನು ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸ ನೋಡಿಕೋ" ಎಂದು, ಬಾಟಾ, ಅಂದರೆ ದಿನಭತ್ಯೆ, ಇಲ್ಲದಿದ್ದರೂ ಸಂಬಳದ ದೊಡ್ಡ ಭಾಗವನ್ನು ಉಳಿಸಿಕೊಟ್ಟರು. ಎಲ್ಲ ಮಾಲೀಕರೂ ಹೀಗಿರುವುದಿಲ್ಲ, ಇರಲೇಬೇಕೆಂದು ಕೇಳುವ ಹಕ್ಕೂ ಚಾಲಕನಿಗಿಲ್ಲ. ಒಬ್ಬನ ಒಳ್ಳೆಯತನದ ಮೇಲೆ ಅಷ್ಟೊಂದು ಪ್ರಯಾಣಿಕರ ಜೀವ ನಿಲ್ಲಬಾರದು ಎಂದು ನನಗೆ ಅಂದಿನಿಂದಲೂ ಅನ್ನಿಸುತ್ತಿದೆ.

ಚಿಕಿತ್ಸೆಯ ದಿನ ನಾನು ಎಚ್ಚರವಾಗಿಯೇ ಇದ್ದೆ. ತೊಡೆಸಂದಿನಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಲಿನ ದೊಡ್ಡ ರಕ್ತನಾಳದ ಮೂಲಕ ತೆಳುವಾದ ತಂತಿಗಳನ್ನು ಹೃದಯದವರೆಗೆ ಏರಿಸಿದರು. ಗಾಜಿನಾಚೆಯ ಕೋಣೆಯಲ್ಲಿ ಕುಳಿತವರು ಯಂತ್ರದಿಂದ ಸಣ್ಣ ಸಣ್ಣ ವಿದ್ಯುತ್ ಬಡಿತಗಳನ್ನು ಕಳುಹಿಸಿ ನನ್ನ ಹೃದಯವನ್ನು ಬೇಕೆಂದೇ ಕೆಣಕುತ್ತಿದ್ದರು. ಎದೆಯೊಳಗೆ ಯಾರೋ ಬೆರಳು ಮಡಿಸಿ ಕುಟ್ಟಿದಂತೆ ಅದು ಗೊತ್ತಾಗುತ್ತಿತ್ತು. ಬಡಿತ ಏರಿಸುವ ಔಷಧಿ ಹನಿಹನಿಯಾಗಿ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಅದೇ ಓಟ, ಅದೇ ಕುತ್ತಿಗೆಯ ತುಡಿತ ಶುರುವಾಯಿತು. "ನಿಮಗೆ ಬರುತ್ತಿದ್ದದ್ದು ಇದೇ ತಾನೇ?" ಎಂದು ಡಾಕ್ಟರು ಕೇಳಿದರು. ಹೌದು ಸಾರ್, ಇದೇ ಎಂದೆ. ಅಷ್ಟು ಕಾಲ ಯಾರ ಕೈಗೂ ಸಿಗದೆ ತಪ್ಪಿಸಿಕೊಳ್ಳುತ್ತಿದ್ದದ್ದನ್ನು ಕರೆದು ಪರದೆಯ ಮೇಲೆ ನಿಲ್ಲಿಸಿದ್ದರು. ಅದನ್ನು ನಿಲ್ಲಿಸಿ, ಜಾಗ ಗುರುತು ಹಿಡಿದು, ಪ್ರತಿ ಸಲ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಶಾಖ ಕೊಟ್ಟರು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ಮುಖ್ಯ ದಾರಿ ತೋರಿಸುವ ಗೆರೆಯ ಮೇಲಿತ್ತು. ಆಮೇಲೆ ಮತ್ತೆ ಎಷ್ಟು ಕೆಣಕಿದರೂ ಓಟ ಹುಟ್ಟಲಿಲ್ಲ. ಕಾಲು ಮಡಿಸದೆ ಕೆಲವು ಗಂಟೆ ಮಲಗಿದ್ದು ಬಿಟ್ಟರೆ ಹೇಳಿಕೊಳ್ಳುವಂಥ ನೋವಿರಲಿಲ್ಲ.

ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದವರು ಟಿಪ್ಪರ್ ಚಾಲಕರು. ಅವರ ತೊಂದರೆ ನನ್ನದಕ್ಕೆ ವಿರುದ್ಧ: ಹೃದಯ ನಡುನಡುವೆ ಬಡಿಯುವುದನ್ನೇ ಮರೆತು, ಸೆಕೆಂಡುಗಟ್ಟಲೆ ನಿಂತು, ಅವರು ಎರಡು ಸಲ ಕುಸಿದಿದ್ದರು. ಎಡ ಭುಜದ ಕೆಳಗೆ ಪೇಸ್‌ಮೇಕರ್ ಇಟ್ಟಿದ್ದರು. ಕೆಲವು ವಾರ ಆ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ತಂತಿ ಜಾರುತ್ತದೆ ಎಂದು ನರ್ಸ್ ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಊರಿಗೆ ಹೋದ ಕೂಡಲೇ ಗಾಡಿ ಹತ್ತಬೇಕು, ಕಂತು ಕಟ್ಟಬೇಕು ಎನ್ನುತ್ತಿದ್ದ ಅವರಿಗೆ ನಾನು ಆರು ವಾರದ ಲೆಕ್ಕ ಹೇಳಿದೆ. ಡಿಸ್ಚಾರ್ಜ್ ಕಾಗದದಲ್ಲಿ ಅದನ್ನು ಬರೆಸಿಕೊಳ್ಳಿ, ಫೈನಾನ್ಸಿನವರಿಗೆ ತೋರಿಸಲಾದರೂ ಬರುತ್ತದೆ ಎಂದೂ ಹೇಳಿದೆ. ಅವರು ಬರೆಸಿಕೊಂಡರು.

ನನಗೆ ಮೂರು ತಿಂಗಳು ಕಾಯೋಣ ಎಂದು ವೈದ್ಯರು ನಿರ್ಧರಿಸಿದರು. ಕೊನೆಯಲ್ಲಿ ಮತ್ತೆ ಹೋಲ್ಟರ್, ಟ್ರೆಡ್‌ಮಿಲ್, ಎಕೋ. ಎಲ್ಲವೂ ಸರಿಯಿದ್ದುದರಿಂದ, ಯಾವ ರೋಗವಿತ್ತು, ಏನು ಮಾಡಲಾಯಿತು, ಯಾವ ಪರೀಕ್ಷೆಯಲ್ಲಿ ಏನು ಕಂಡಿತು, ಪ್ರಯಾಣಿಕರ ವಾಹನ ಓಡಿಸಲು ಅಡ್ಡಿಯಿಲ್ಲ ಎಂದು ಒಂದು ಪತ್ರ ಬರೆದುಕೊಟ್ಟರು.

ಲೈಸೆನ್ಸ್ ನವೀಕರಣವೂ ಅದೇ ಕಾಲಕ್ಕೆ ಬಂದಿತ್ತು. 2019ರ ತಿದ್ದುಪಡಿಯ ನಂತರ ಸಾರಿಗೆ ವಾಹನದ ಲೈಸೆನ್ಸ್ ಮೂರರ ಬದಲು ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ನಮಗೆ ಅಲೆದಾಟ ಕಡಿಮೆಯಾಯಿತು, ವೈದ್ಯರ ಮುಂದೆ ನಿಲ್ಲುವ ಸಂದರ್ಭವೂ ಅಷ್ಟೇ ಕಡಿಮೆಯಾಯಿತು. ಹಿಂದಿನ ಸಲ ನಮೂನೆ 1-ಎಗೆ ಸಹಿ ಹಾಕಿದವರು ನನ್ನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಹಣ ಕೊಟ್ಟವರ ಕಾಗದಗಳ ಕಟ್ಟಿಗೆ ಒಟ್ಟಾಗಿ ಸೀಲು ಬೀಳುತ್ತಿತ್ತು. "ನಾನು ಅರ್ಜಿದಾರನನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ" ಎಂಬ ಸಾಲಿನ ಕೆಳಗೆ ಬೀಳುವ ಸೀಲು ಅದು. ಈ ಸಲ ನಾನು ನಮ್ಮ ಊರಿನ ಹಿರಿಯ ವೈದ್ಯರೊಬ್ಬರ ಬಳಿ ಪತ್ರ ಹಿಡಿದು ಹೋದೆ. ಅವರು ನಾಡಿ ಹಿಡಿದು, ಸ್ಟೆತಾಸ್ಕೋಪ್ ಇಟ್ಟು, ಪತ್ರವನ್ನು ಎರಡು ಸಲ ಓದಿ, ಇದನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಬೇಸರಪಟ್ಟು, ಪ್ರತಿಯನ್ನು ಜೊತೆಗೆ ಪಿನ್ ಮಾಡಿದರು. ನಮೂನೆ 1ರ ಸ್ವಯಂ ಘೋಷಣೆಯಲ್ಲಿ ನಾನು "ಇತ್ತು, ಚಿಕಿತ್ಸೆಯಾಗಿದೆ, ತಜ್ಞರ ಪತ್ರ ಲಗತ್ತಿಸಿದೆ" ಎಂದು ಬರೆದೆ. ಕಚೇರಿಯಲ್ಲಿ ಅದನ್ನು ನೋಡಿದ ಅಧಿಕಾರಿ ಕೆಲವು ಪ್ರಶ್ನೆ ಕೇಳಿದರು, ಪತ್ರವನ್ನು ಕಡತಕ್ಕೆ ಸೇರಿಸಿದರು, ನವೀಕರಣ ಮಾಡಿಕೊಟ್ಟರು.

ಇಷ್ಟು ಸರಳವಾಗಿ ಮುಗಿಯುತ್ತದೆಂದು ನನ್ನ ಜೊತೆಯ ಚಾಲಕರು ಯಾರೂ ನಂಬಿರಲಿಲ್ಲ. ಬರೆದರೆ ಲೈಸೆನ್ಸ್ ಹೋಗುತ್ತದೆ ಎನ್ನುವುದು ಎಲ್ಲ ಸ್ಟ್ಯಾಂಡುಗಳ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ: 1988ರ ಮೋಟಾರು ವಾಹನ ಕಾಯ್ದೆಯ 16ನೇ ಕಲಂ ಪ್ರಕಾರ ಕಾಯಿಲೆಯಿಂದ ಚಾಲಕ ಅನರ್ಹನಾಗಿದ್ದಾನೆಂದು ನಂಬಲು ಕಾರಣವಿದ್ದರೆ ಪ್ರಾಧಿಕಾರ ಲೈಸೆನ್ಸ್ ರದ್ದುಪಡಿಸಬಹುದು. ಆದರೆ ಅದೇ ಕಲಂನಲ್ಲಿ, ರದ್ದು ಮಾಡುವ ಬದಲು ವೈದ್ಯಕೀಯ ಪ್ರಮಾಣಪತ್ರ ತರಲು ಹೇಳುವ ದಾರಿಯೂ ಇದೆ. ಕಾಯಿಲೆ ಗೊತ್ತಿದ್ದೂ ಜನರಿಗೆ ಅಪಾಯವಾಗುವಂತೆ ಓಡಿಸುವುದು 186ನೇ ಕಲಂನಲ್ಲಿ ಅಪರಾಧ, ಮೊದಲ ಸಲಕ್ಕೆ 1,000 ರೂಪಾಯಿವರೆಗೆ ದಂಡ. ಆ ದಂಡಕ್ಕೆ ಹೆದರಿ ಸತ್ಯ ಹೇಳುವ ಚಾಲಕ ಯಾರೂ ಸಿಗಲಾರರು. 2024ರ ನವೆಂಬರಿನಲ್ಲಿ ನೆಲಮಂಗಲದಿಂದ ದಾಸನಪುರಕ್ಕೆ ಹೋಗುತ್ತಿದ್ದ ಬಿಎಂಟಿಸಿ ಬಸ್ಸಿನ ಚಾಲಕರು ಹೃದಯಾಘಾತದಿಂದ ಸೀಟಿನಲ್ಲೇ ಕುಸಿದು ತೀರಿಕೊಂಡರು. ನಿರ್ವಾಹಕರು ಮುಂದಕ್ಕೆ ಧುಮುಕಿ ಸ್ಟೇರಿಂಗ್ ಹಿಡಿದು ಬಸ್ಸು ನಿಲ್ಲಿಸಿದ್ದರಿಂದ ಪ್ರಯಾಣಿಕರು ಉಳಿದರು. ಅದರ ವಿಡಿಯೋ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಆ ಚಾಲಕರಿಗೆ ಮುನ್ಸೂಚನೆಯೇ ಇಲ್ಲದಿದ್ದಿರಬಹುದು. ನಮ್ಮಲ್ಲಿ ಹಲವರಿಗೆ ಇರುತ್ತದೆ, ಅದನ್ನು ಅವರು ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ ನುಂಗಿಕೊಳ್ಳುತ್ತಾರೆ.

ಈಗ ನಾನು ಮತ್ತೆ ಅದೇ ಮಾರ್ಗದಲ್ಲಿದ್ದೇನೆ, ವರ್ಷಕ್ಕೊಮ್ಮೆ ಇಸಿಜಿ ತೆಗೆಸುತ್ತೇನೆ. ಕಳೆದ ಮಳೆಗಾಲದಲ್ಲಿ ಘಟ್ಟದ ಕೆಳಗಿನ ಹಿರಿಯ ಚಾಲಕರೊಬ್ಬರು ಹೆಬ್ರಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ತಮಗೂ ಎದೆ ಒಂದು ಲೆಕ್ಕವಿಲ್ಲದೆ ಬಡಿಯುತ್ತದೆ, ಯಾರಿಗೂ ಹೇಳಿಲ್ಲ ಎಂದರು. ನಾಡಿ ಹಿಡಿದು ನೋಡಿದೆ. ಎರಡು ಬಡಿತಗಳ ನಡುವಿನ ಅಂತರ ಒಂದೂ ಇನ್ನೊಂದರಂತಿರಲಿಲ್ಲ. ಅವರ ಜೊತೆಗೇ ಆಸ್ಪತ್ರೆಗೆ ಹೋದೆ. ಅವರದು ಮೇಲಿನ ಕೋಣೆಗಳು ಅದುರುವ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಶನ್. ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗದಿರಲು ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಿದ್ದಾರೆ. ಬಸ್ಸಿನ ವಿಷಯವನ್ನು ವೈದ್ಯರು ಇನ್ನೂ ತೀರ್ಮಾನಿಸಿಲ್ಲ. ಅವರ ಮಾಲೀಕರ ಹತ್ತಿರ ಸ್ಟ್ಯಾಂಡಿನಲ್ಲಿ ಕೊಡಬಹುದಾದ ಕೆಲಸವಿಲ್ಲ. ಸದ್ಯಕ್ಕೆ ನಮ್ಮ ಮಾಲೀಕರನ್ನು ಕೇಳಿದ್ದೇವೆ.